ಲೀನಿಯರ್ ಮೋಟರ್ ಯಂತ್ರ: ಮೊದಲ ಸಲ ಚಾಲೂ ಮಾಡುವುದು ಹೇಗೆ, ಕೈಕೊಟ್ಟರೆ ಎಲ್ಲಿ ಹುಡುಕಬೇಕು

ಬಾಲ್ ಸ್ಕ್ರೂ ಇರುವ ಯಂತ್ರ ಕೆಡುವಾಗ ಸದ್ದು ಮಾಡಿ ಹೇಳುತ್ತದೆ. ಬೇರಿಂಗ್ ಕಿರುಗುಟ್ಟುತ್ತದೆ, ಬೆಲ್ಟ್ ಜಾರುತ್ತದೆ, ಸ್ಕ್ರೂ ಸವೆದು ಆಟ ಬರುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ವರ್ಕ್‌ಶಾಪ್‌ಗಳಲ್ಲಿ ಕೈ ಪಳಗಿದವರಿಗೆ ಈ ಭಾಷೆ ಚೆನ್ನಾಗಿ ಗೊತ್ತು. ಆದರೆ ವೇಗದ ಲೇಸರ್ ಕಟಿಂಗ್ ಯಂತ್ರ, ಅಚ್ಚು ಕೊರೆಯುವ ಯಂತ್ರ, ಅಳತೆ ಯಂತ್ರಗಳ ಜೊತೆ ಈಗ ಶೆಡ್ಡಿಗೆ ಬರುತ್ತಿರುವ ಲೀನಿಯರ್ ಮೋಟರಿಗೆ ಸ್ಕ್ರೂ ಇಲ್ಲ, ಬೆಲ್ಟ್ ಇಲ್ಲ, ಗೇರೂ ಇಲ್ಲ. ಕೆಟ್ಟ ದಿನ ಅದು ಸುಮ್ಮನೆ ನಿಂತುಬಿಡುತ್ತದೆ. ಮೋಟರಿಗೆ ಕರೆಂಟ್ ಹಂಚುವ ಡ್ರೈವ್ ಪೆಟ್ಟಿಗೆಯ ಮೇಲೆ ಒಂದು ನಂಬರ್ ಮಿನುಗುತ್ತದೆ, ಅಷ್ಟೆ. ಬೆಂಗಳೂರಿನಿಂದಲೋ ಪುಣೆಯಿಂದಲೋ ಎಂಜಿನಿಯರ್ ಬರುವವರೆಗೆ ಕೆಲಸ ನಿಂತಿರುತ್ತದೆ.

ಆ ನಂಬರಿನ ಹಿಂದೆ ಏನು ನಡೆದಿದೆ ಎಂದು ತಿಳಿಯಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಮೊದಲೇ ಗೊತ್ತಿರಬೇಕಾದ ಸಂಗತಿ ಒಂದೇ: ಈ ಯಂತ್ರ ಕೈಕೊಟ್ಟಾಗ ಮೋಟರೇ ಸುಟ್ಟುಹೋಗಿರುವುದು ಅಪರೂಪ. ಹೆಚ್ಚಿನ ಸಲ ಯಂತ್ರದ ಕಣ್ಣು, ಅಂದರೆ ಕ್ಯಾರೇಜ್ ಎಲ್ಲಿದೆ ಎಂದು ಓದುವ ಸೆನ್ಸರ್, ಮಬ್ಬಾಗಿರುತ್ತದೆ, ಇಲ್ಲವೇ ಕರೆಂಟ್ ಕೊಡುವ ಕೋನ ತಪ್ಪಿರುತ್ತದೆ. ಮೊದಲು ಕಣ್ಣು, ಆಮೇಲೆ ಕೋನ, ಕೊನೆಗೆ ಬಲ. ಹೊಸ ಯಂತ್ರ ಚಾಲೂ ಮಾಡುವಾಗಲೂ ಹಳೆಯದನ್ನು ದುರಸ್ತಿ ಮಾಡುವಾಗಲೂ ಇದೇ ಸಾಲಿನಲ್ಲಿ ಹೋಗಬೇಕು.

## ತಿರುಗುವ ಮೋಟರನ್ನು ಬಿಡಿಸಿ ಹಾಸಿದರೆ

ಸೈಕಲ್ ಟಯರನ್ನು ಒಂದು ಕಡೆ ಕೊಯ್ದು, ನೆಟ್ಟಗೆ ಮಾಡಿ ನೆಲದ ಮೇಲೆ ಹಾಸಿದಂತೆ ಸರ್ವೋ ಮೋಟರನ್ನು ಹಾಸಿದರೆ ಅದೇ ಲೀನಿಯರ್ ಮೋಟರ್. ಸುತ್ತಲೂ ಕೂತಿದ್ದ ಆಯಸ್ಕಾಂತಗಳು ಈಗ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಸಾಲಾಗಿ ಹಳಿಯಂತೆ ಮಲಗಿರುತ್ತವೆ. ಅವುಗಳ ಮೇಲೆ, ತಾಮ್ರದ ಕಾಯಿಲ್ ಹೊತ್ತ ಕ್ಯಾರೇಜ್ ಎಲ್‌ಎಂ ರೈಲಿನ (ನೇರ ಜಾರಲು ಇರುವ ಉಕ್ಕಿನ ಕಂಬಿ) ಮೇಲೆ ಸರಿದಾಡುತ್ತದೆ. ಕಾಯಿಲ್‌ಗೆ ಮೂರು ಫೇಸ್ ಕರೆಂಟ್ ಕೊಟ್ಟರೆ ತಿರುಗುವ ಬದಲು ನೇರವಾಗಿ ದೂಡುತ್ತದೆ. ಶಾಂಘೈಯಲ್ಲಿ 2004ರಿಂದ ಓಡುತ್ತಿರುವ ಮ್ಯಾಗ್ಲೆವ್ ರೈಲನ್ನು ಮುಂದಕ್ಕೆ ದೂಡುವುದೂ ಲೀನಿಯರ್ ಮೋಟರೇ. ಅಲ್ಲಿ ಕಾಯಿಲ್ ಹಳಿಯಲ್ಲಿದೆ, ನಮ್ಮ ಯಂತ್ರಗಳಲ್ಲಿ ಹೆಚ್ಚಾಗಿ ಕ್ಯಾರೇಜಿನಲ್ಲಿದೆ.

ಇದರಲ್ಲಿ ಎರಡು ಬಗೆ. ಕಾಯಿಲ್ ಒಳಗೆ ಕಬ್ಬಿಣದ ತಿರುಳು ಇರುವುದು ಹೆಚ್ಚು ಬಲ ಕೊಡುತ್ತದೆ. ಆದರೆ ಕರೆಂಟ್ ಇರಲಿ ಬಿಡಲಿ, ಆಯಸ್ಕಾಂತದ ಹಳಿ ಆ ಕಬ್ಬಿಣವನ್ನು ಸದಾ ತನ್ನತ್ತ ಸೆಳೆಯುತ್ತಲೇ ಇರುತ್ತದೆ. ಈ ಸೆಳೆತ ಮೋಟರ್ ದೂಡುವ ಬಲದ ಹಲವು ಪಟ್ಟು. ಕೈಯಿಂದ ಸರಿಸಿದರೆ ಗಕ್ಕ, ಗಕ್ಕ ಎಂದು ಹಲ್ಲು ಹಲ್ಲಾಗಿ ಸಾಗುತ್ತದೆ, ಅದು ದೋಷವಲ್ಲ. ಕಬ್ಬಿಣವಿಲ್ಲದ ಬಗೆಯಲ್ಲಿ ಎರಡು ಸಾಲು ಆಯಸ್ಕಾಂತಗಳ ನಡುವಿನ ಸಂದಿಯಲ್ಲಿ ಬರೀ ಕಾಯಿಲ್ ಓಡುತ್ತದೆ. ಸೆಳೆತವಿಲ್ಲ, ಗಕ್ಕೂ ಇಲ್ಲ, ಬಲವೂ ಸ್ವಲ್ಪ ಕಡಿಮೆ. ಎರಡರಲ್ಲೂ ಕಾಯಿಲ್ ಮತ್ತು ಆಯಸ್ಕಾಂತದ ನಡುವಿನ ಅಂತರ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು, ಅಥವಾ ಅದಕ್ಕೂ ಕಡಿಮೆ.

ಸ್ಕ್ರೂ ಇಲ್ಲದ ಮೇಲೆ ಸವೆತವಿಲ್ಲ, ಆಟವಿಲ್ಲ, ಸೆಕೆಂಡಿಗೆ 2-3 ಮೀಟರ್ ವೇಗವೂ ಸುಲಭ. ಆದರೆ ಸ್ಕ್ರೂ ತಾನಾಗಿಯೇ ಕೊಡುತ್ತಿದ್ದ ಒಂದು ರಕ್ಷಣೆಯೂ ಇದರ ಜೊತೆಗೇ ಹೋಯಿತು. ಕರೆಂಟ್ ಹೋದರೆ ಈ ಕ್ಯಾರೇಜನ್ನು ಹಿಡಿದು ನಿಲ್ಲಿಸುವುದು ಏನೂ ಇಲ್ಲ, ಜಾರುತ್ತಾ ಹೋಗುತ್ತದೆ. 20 ಕೆ.ಜಿ. ಕ್ಯಾರೇಜ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದು 10 ಮಿ.ಮೀ. ಒಳಗೆ ನಿಂತರೆ ತಗಲುವ ಹೊಡೆತ 4,000 ನ್ಯೂಟನ್, ಅಂದರೆ 4 ಕ್ವಿಂಟಾಲ್ ಭಾರ ಬಿದ್ದಂತೆ. ಎಮರ್ಜೆನ್ಸಿ ಬಟನ್ ಒತ್ತಿದ ಕೂಡಲೇ ನಿಂತುಬಿಡುತ್ತದೆ ಎಂದು ನಂಬಿ ಕೈ ಚಾಚಬಾರದು. ಬಹಳಷ್ಟು ಡ್ರೈವ್‌ಗಳಲ್ಲಿರುವ ಎಸ್‌ಟಿಒ (ಸೇಫ್ ಟಾರ್ಕ್ ಆಫ್) ಎಂಬ ರಕ್ಷಣಾ ವ್ಯವಸ್ಥೆ ಬಲವನ್ನಷ್ಟೇ ಕಡಿದುಹಾಕುತ್ತದೆ, ಬ್ರೇಕ್ ಹಾಕುವುದಿಲ್ಲ.

## ಯಾರು ಯಾರಿಗೆ ಹೇಳುತ್ತಾರೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹೊಲ ಮುಟ್ಟುವ ಬಗೆಯನ್ನು ನೆನೆಯಿರಿ. ಮುಖ್ಯ ಕಾಲುವೆ, ಅದರಿಂದ ವಿತರಣಾ ಕಾಲುವೆ, ಕೊನೆಗೆ ಹೊಲಗಾಲುವೆ. ಈ ಯಂತ್ರದಲ್ಲೂ ಹುಕುಂ ಮೂರು ಹಂತದಲ್ಲಿ ಇಳಿಯುತ್ತದೆ. ‘ಇಲ್ಲಿಗೆ ಹೋಗು’ ಎನ್ನುವುದು ಸ್ಥಾನದ ಹಂತ. ಅದು ‘ಇಷ್ಟು ವೇಗದಲ್ಲಿ’ ಎಂದು ವೇಗದ ಹಂತಕ್ಕೆ ಹೇಳುತ್ತದೆ. ವೇಗದ ಹಂತ ‘ಇಷ್ಟು ಆಂಪಿಯರ್’ ಎಂದು ಕರೆಂಟಿನ ಹಂತಕ್ಕೆ ಹೇಳುತ್ತದೆ. ಪ್ರತಿ ಹಂತವೂ ಸೆಕೆಂಡಿಗೆ ಸಾವಿರಾರು ಸಲ ‘ಕೇಳಿದ್ದೆಷ್ಟು, ಬಂದದ್ದೆಷ್ಟು’ ಎಂದು ಹೋಲಿಸಿ ತಿದ್ದಿಕೊಳ್ಳುತ್ತದೆ. ಹೊಲಗಾಲುವೆಯಲ್ಲಿ ಹೂಳು ತುಂಬಿದ್ದರೆ ಮೇಲಿನ ಗೇಟ್ ಎಷ್ಟೆತ್ತಿದರೂ ಪೈರಿಗೆ ನೀರಿಲ್ಲ. ಹಾಗೆಯೇ ಕರೆಂಟಿನ ಹಂತ ಸರಿಯಿಲ್ಲದೆ ಮೇಲಿನ ಹಂತಗಳನ್ನು ತಿದ್ದುತ್ತಾ ಕೂರುವುದು ವ್ಯರ್ಥ. ಈ ಮೂರನ್ನೂ ನಡೆಸುವ ಪೆಟ್ಟಿಗೆಯೇ ಡ್ರೈವ್. ಅದಕ್ಕೆ ದಾರಿ ತೋರಿಸುವುದು ಕಂಟ್ರೋಲರ್.

ಬಂದದ್ದೆಷ್ಟು ಎಂದು ನೋಡಿ ಹೇಳುವುದು ಸ್ಕೇಲ್ ಮತ್ತು ರೀಡ್ ಹೆಡ್. ಬೆಡ್‌ಗೆ ಅಂಟಿಸಿದ ತೆಳು ಪಟ್ಟಿಯ ಮೇಲೆ 20 ಅಥವಾ 40 ಮೈಕ್ರಾನ್‌ಗೆ ಒಂದರಂತೆ ಗೆರೆಗಳು. ತಲೆಗೂದಲ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಗೆರೆ ಎಷ್ಟು ಸಣ್ಣದು ಎಂದು ಅಂದಾಜು ಸಿಗುತ್ತದೆ. ರೀಡ್ ಹೆಡ್ ಬೆಳಕು ಬಿಟ್ಟು ಆ ಗೆರೆಗಳನ್ನು ಓದಿ, ನಡುವಿನ ಜಾಗವನ್ನು ಲೆಕ್ಕದಿಂದಲೇ ಇನ್ನಷ್ಟು ಸೀಳಿ 1 ಮೈಕ್ರಾನ್, 0.1 ಮೈಕ್ರಾನ್‌ವರೆಗೂ ಹೇಳುತ್ತದೆ. ತಿರುಗುವ ಮೋಟರಿನಲ್ಲಿ ಈ ಕಣ್ಣು, ಅಂದರೆ ಎನ್‌ಕೋಡರ್, ಡಬ್ಬಿಯೊಳಗೆ ಮುಚ್ಚಿಕೊಂಡು ಸುರಕ್ಷಿತವಾಗಿ ಕೂತಿರುತ್ತದೆ. ಇಲ್ಲಿ ಅದು ಹಲವು ಸಲ ಬಯಲಲ್ಲೇ ಇರುತ್ತದೆ. ಈ ಯಂತ್ರದ ಅರ್ಧಕ್ಕರ್ಧ ತೊಂದರೆಗಳಿಗೆ ಇದೇ ಬಾಗಿಲು.

## ಎತ್ತಿನ ಮುಂದಿನ ಸೊಪ್ಪೆ

ಹಟ ಹಿಡಿದ ಎತ್ತನ್ನು ನಡೆಸಲು ಮೂತಿಯ ಮುಂದೆ ಜೋಳದ ಸೊಪ್ಪೆ ಹಿಡಿದು ಹಿಂದೆ ಹಿಂದೆ ಸರಿಯುತ್ತೇವಲ್ಲ? ಬಾಯಿಗೇ ಕೊಟ್ಟರೆ ನಿಂತು ಮೇಯುತ್ತದೆ. ತೀರ ದೂರ ಹಿಡಿದರೆ ಕಣ್ಣೆತ್ತಿಯೂ ನೋಡುವುದಿಲ್ಲ. ಬೆನ್ನ ಹಿಂದೆ ಹಿಡಿದರೆ ತಿರುಗಿ ಹಿಂದಕ್ಕೆ ನಡೆಯುತ್ತದೆ. ಕಾಯಿಲ್‌ನ ಕಾಂತಕ್ಷೇತ್ರವೂ ಆಯಸ್ಕಾಂತಕ್ಕಿಂತ ಸದಾ ಕಾಲು ಆವರ್ತದಷ್ಟು ಮುಂದಿರಬೇಕು. ಒಂದು ಉತ್ತರ ಧ್ರುವದಿಂದ ಮುಂದಿನ ಉತ್ತರ ಧ್ರುವದವರೆಗಿನ ದೂರವೇ ಒಂದು ಆವರ್ತ, ಅದನ್ನು 360 ಡಿಗ್ರಿ ಎಂದು ಎಣಿಸುತ್ತಾರೆ. ಕಾಲು ಆವರ್ತ ಎಂದರೆ 90 ಡಿಗ್ರಿ. ಕ್ಯಾರೇಜ್ ಸರಿದಂತೆಲ್ಲ ಈ ಕೋನ ಕಾಯ್ದುಕೊಂಡು ಮೂರು ಫೇಸ್‌ಗಳಿಗೆ ಕರೆಂಟ್ ಹಂಚುವುದೇ ಕಮ್ಯುಟೇಶನ್.

ಕೋನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಿಖರ ಲೆಕ್ಕವಿದೆ. 30 ಡಿಗ್ರಿ ತಪ್ಪಿದರೆ ಅದೇ ಕರೆಂಟಿಗೆ ಬಲ 87 ಶೇಕಡಕ್ಕೆ ಇಳಿಯುತ್ತದೆ, 60 ತಪ್ಪಿದರೆ ಅರ್ಧಕ್ಕೆ. 90 ತಪ್ಪಿದರೆ ಬಲ ಸೊನ್ನೆ, ಕಾಯಿಲ್ ಸುಮ್ಮನೆ ಕಾಯುತ್ತದೆ. ಅದನ್ನೂ ದಾಟಿದರೆ ಮುಂದಕ್ಕೆ ಹೋಗು ಎಂದರೆ ಹಿಂದಕ್ಕೆ ಓಡುತ್ತದೆ. 30 ಡಿಗ್ರಿ ತಪ್ಪಿದ ಯಂತ್ರ ಓಡುತ್ತದೆ, ಕೆಲಸವನ್ನೂ ಮಾಡುತ್ತದೆ, ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ ಅಷ್ಟೆ. ಹಾಗಾಗಿ ಎಲ್ಲಕ್ಕಿಂತ ಅಪಾಯದ ತಪ್ಪು ಇದೇ: ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ.

ಸ್ವಿಚ್ ಹಾಕಿದ ಗಳಿಗೆಯಲ್ಲಿ ಈ ಕೋನ ಡ್ರೈವ್‌ಗೆ ತಿಳಿಯುವ ದಾರಿ ಮೂರು. ಹಾಲ್ ಸೆನ್ಸರ್ ಇದ್ದರೆ ಆಯಸ್ಕಾಂತವನ್ನು ನೇರವಾಗಿ ಗುರುತಿಸಿ ಒರಟು ಅಂದಾಜು ಕೊಡುತ್ತದೆ. ಕರೆಂಟ್ ಬಂದ ಕೂಡಲೇ ತಾನಿರುವ ಜಾಗ ಹೇಳಬಲ್ಲ ಅಬ್ಸೊಲ್ಯೂಟ್ ಸ್ಕೇಲ್ ಇದ್ದರೆ ಒಮ್ಮೆ ಅಳೆದು ಉಳಿಸಿಟ್ಟ ಕೋನವೇ ಸಾಕು. ಎರಡೂ ಇಲ್ಲದಿದ್ದರೆ ಡ್ರೈವ್ ತಾನೇ ಕಾಯಿಲ್‌ಗೆ ಕರೆಂಟ್ ಬಿಟ್ಟು, ಕ್ಯಾರೇಜ್ ಯಾವ ಕಡೆ ಎಳೆದುಕೊಂಡಿತು ಎಂದು ನೋಡಿ ಕೋನ ಕಂಡುಕೊಳ್ಳುತ್ತದೆ. ಇದನ್ನು ಫೇಸ್ ಫೈಂಡಿಂಗ್ ಎನ್ನುತ್ತಾರೆ. 30 ಮಿ.ಮೀ. ಆವರ್ತದ ಹಳಿಯಲ್ಲಿ ಆಗ ಕ್ಯಾರೇಜ್ ಯಾವ ಕಡೆಗಾದರೂ 15 ಮಿ.ಮೀ.ವರೆಗೆ ಗಕ್ಕನೆ ಜಿಗಿಯಬಹುದು. ಮೇಲೆ ಕೆಳಗೆ ಓಡುವ ಅಕ್ಷದಲ್ಲಿ ಕ್ಯಾರೇಜಿನ ಭಾರವೇ ಈ ಲೆಕ್ಕವನ್ನು ಕೆಡಿಸುತ್ತದೆ. ಅಲ್ಲಿ ಹಾಲ್ ಸೆನ್ಸರ್ ಅಥವಾ ಅಬ್ಸೊಲ್ಯೂಟ್ ಸ್ಕೇಲ್ ಇರಲೇಬೇಕು, ಜೊತೆಗೆ ಬ್ರೇಕೂ ಬೇಕು.

## ಕರೆಂಟ್ ಕೊಡುವ ಮೊದಲು

ಜೀವಕ್ಕೆ ಸಂಬಂಧಿಸಿದ್ದು ಮೊದಲು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ತೆರೆದ ಆಯಸ್ಕಾಂತದ ಹಳಿಯ ಬಳಿ ಬರಲೇಬಾರದು. ಹಳಿಯ ಮೇಲಿನ ಮರ ಅಥವಾ ರಟ್ಟಿನ ಮುಚ್ಚಳವನ್ನು ಕೊನೆಯ ಗಳಿಗೆಯವರೆಗೆ ತೆಗೆಯಬೇಡಿ. ಕಬ್ಬಿಣದ ಸ್ಪ್ಯಾನರ್ ಬದಲು ಹಿತ್ತಾಳೆಯದೋ, ಆಯಸ್ಕಾಂತಕ್ಕೆ ಅಂಟದ ಬೇರೆ ಲೋಹದ್ದೋ ಬಳಸಿ. ಎರಡು ಆಯಸ್ಕಾಂತದ ತುಂಡುಗಳು ಒಂದಕ್ಕೊಂದು ಹಾರಿ ಅಂಟಿದರೆ ನಡುವೆ ಸಿಕ್ಕ ಬೆರಳು ಜಜ್ಜಿಹೋಗುತ್ತದೆ. ಬಿಡಿಸಲು ಮರದ ಬೆಣೆ, ಮರದ ಸುತ್ತಿಗೆ ಪಕ್ಕದಲ್ಲೇ ಇರಲಿ.

ಆಮೇಲೆ ಮೆಕ್ಯಾನಿಕಲ್ ಕೆಲಸ. ಕ್ಯಾರೇಜನ್ನು ಕೈಯಿಂದ ಈ ತುದಿಯಿಂದ ಆ ತುದಿಗೆ ನಿಧಾನ ತಳ್ಳಿ. ತೂಕದ ಸ್ಪ್ರಿಂಗ್ ಕೊಕ್ಕೆ ಹಾಕಿ ಎಳೆದರೆ ಇನ್ನೂ ಒಳ್ಳೆಯದು. ಎಲ್ಲೋ ಒಂದು ಕಡೆ ಮುಳ್ಳು ಒಮ್ಮೆಲೇ ಏರಿದರೆ ರೈಲು ಸಮಾನಾಂತರವಾಗಿಲ್ಲ ಅಥವಾ ಕಾಯಿಲ್ ಉಜ್ಜುತ್ತಿದೆ ಎಂದರ್ಥ. ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಗೇಜ್ ಹಾಕಿ ಅಂತರವನ್ನು ಕಾಯಿಲ್‌ನ ನಾಲ್ಕೂ ಮೂಲೆಯಲ್ಲಿ ನೋಡಿ. ಎರಡೂ ತುದಿಯಲ್ಲಿ ರಬ್ಬರ್ ಬಫರ್ ಇರಲಿ, ಲಿಮಿಟ್ ಸ್ವಿಚ್ ಬಫರಿಗಿಂತ ಮೊದಲೇ ಒತ್ತುವಂತಿರಲಿ.

ವಿದ್ಯುತ್ ಕಡೆಯಲ್ಲಿ, ಮೋಟರ್ ಕೇಬಲನ್ನು ಡ್ರೈವ್‌ನಿಂದ ಬಿಚ್ಚಿ ಮೂರು ಫೇಸ್‌ಗಳ ತುದಿಗಳಾದ ಯು-ವಿ, ವಿ-ಡಬ್ಲ್ಯು, ಡಬ್ಲ್ಯು-ಯು ನಡುವಿನ ಓಮ್ ಅಳೆಯಿರಿ. ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಅರ್ತ್‌ಗೆ ಮೆಗ್ಗರ್ (ನಿರೋಧನ ಅಳೆಯುವ ಮೀಟರ್) ಹಾಕುವುದಿದ್ದರೆ ಡ್ರೈವ್ ಬಿಚ್ಚಿದ ಮೇಲೆಯೇ ಹಾಕಿ. ಮೆಗ್ಗರಿನ 500 ವೋಲ್ಟ್ ಹರಿದರೆ ಡ್ರೈವ್ ಒಳಗಿನ ಬಿಡಿಭಾಗಗಳು ಹಾಳಾಗಬಹುದು. 415 ವೋಲ್ಟ್ ಮೂರು ಫೇಸ್ ಲೈನಿಗೆ ಸೇರಿಸಿದ ಡ್ರೈವ್ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ಸುಮಾರು 585 ವೋಲ್ಟ್ ಡಿಸಿ ನಿಂತಿರುತ್ತದೆ. ಸ್ವಿಚ್ ತೆಗೆದ ಮೇಲೂ ಡ್ರೈವ್ ಮೇಲೆ ಬರೆದಿರುವಷ್ಟು ಹೊತ್ತು ಕಾದು, ಮೀಟರ್ ಹಿಡಿದು ಖಾತ್ರಿ ಮಾಡಿಕೊಂಡೇ ಕೈ ಹಾಕಬೇಕು.

ಯಾವ ಉಪಕರಣವೂ ಬೇಡದ ಒಂದು ಪರೀಕ್ಷೆ ಇದೆ, ಎಲ್ಲರೂ ಕಲಿತಿಡಬೇಕಾದದ್ದು. ಡ್ರೈವ್‌ನಿಂದ ಬಿಚ್ಚಿದ ಮೂರು ಫೇಸ್ ತುದಿಗಳನ್ನು ಒಂದಕ್ಕೊಂದು ತಾಗದಂತೆ ಬಿಟ್ಟು ಕ್ಯಾರೇಜ್ ತಳ್ಳಿ, ಸಲೀಸಾಗಿ ಸರಿಯಬೇಕು (ಕಬ್ಬಿಣದ ತಿರುಳಿನ ಬಗೆಯಲ್ಲಿ ಗಕ್ಕ ಗಕ್ಕ ಮಾತ್ರ ಇದ್ದೇ ಇರುತ್ತದೆ). ಈಗ ಮೂರನ್ನೂ ಒಟ್ಟಿಗೆ ಕಟ್ಟಿ ತಳ್ಳಿ, ಕೆಸರುಗದ್ದೆಯಲ್ಲಿ ಕಾಲೆಳೆದಂತೆ ಎಲ್ಲ ಕಡೆ ಒಂದೇ ಸಮನಾಗಿ ಬಿಗಿಯಾಗಬೇಕು. ತುದಿಗಳು ಬಿಡಿಯಾಗಿದ್ದಾಗಲೂ ಬಿಗಿಯಿದ್ದರೆ ಕಾಯಿಲ್ ಒಳಗೆ ಸುತ್ತುಗಳು ಶಾರ್ಟ್ ಆಗಿವೆ. ಕಟ್ಟಿದಾಗಲೂ ಬಿಗಿಯಾಗದಿದ್ದರೆ ಕೇಬಲ್ ಎಲ್ಲೋ ತುಂಡಾಗಿದೆ.

## ಡ್ರೈವ್‌ಗೆ ಬರೆದುಕೊಡುವ ಅಂಕಿಗಳು

ಮೋಟರಿನ ಹಾಳೆಯಲ್ಲಿರುವ ಅಂಕಿಗಳನ್ನು ಡ್ರೈವ್‌ಗೆ ತುಂಬುವಾಗ ಮೂರು ಕಡೆ ಎಡವುತ್ತಾರೆ.

ಮೊದಲನೆಯದು ಆವರ್ತದ ಉದ್ದ. ಕೆಲವು ತಯಾರಕರು ಉತ್ತರದಿಂದ ಉತ್ತರಕ್ಕೆ ಅಳೆದು 30 ಮಿ.ಮೀ. ಎಂದು ಬರೆಯುತ್ತಾರೆ, ಕೆಲವರು ಉತ್ತರದಿಂದ ದಕ್ಷಿಣಕ್ಕೆ ಅಳೆದು 15 ಎನ್ನುತ್ತಾರೆ. ಡ್ರೈವ್ ಕೇಳುತ್ತಿರುವುದು ಯಾವುದು ಎಂದು ನೋಡದೆ ತುಂಬಿದರೆ ಕ್ಯಾರೇಜ್ ಕೆಲವು ಮಿ.ಮೀ. ಸರಿದು ನಿಲ್ಲುತ್ತದೆ, ನಡುಗುತ್ತದೆ, ಇಲ್ಲವೇ ಓಡಿಹೋಗುತ್ತದೆ. 1 ಮೈಕ್ರಾನ್ ಸ್ಕೇಲಿಗೆ 30 ಮಿ.ಮೀ. ಆವರ್ತದಲ್ಲಿ 30,000 ಎಣಿಕೆ, 0.1 ಮೈಕ್ರಾನ್‌ಗೆ 3,00,000. ಈ ಗುಣಾಕಾರವನ್ನು ಕಾಗದದ ಮೇಲೆ ಒಮ್ಮೆ ಮಾಡಿಯೇ ತುಂಬಿ.

ಎರಡನೆಯದು ಕರೆಂಟ್. ಒಂದು ಹಾಳೆ ಆರ್‌ಎಂಎಸ್ ಆಂಪಿಯರ್ ಕೊಟ್ಟಿರುತ್ತದೆ, ಇನ್ನೊಂದು ಪೀಕ್, ಅಂದರೆ ಅಲೆಯ ತುತ್ತತುದಿಯ, ಆಂಪಿಯರ್. ನಡುವಿನ ವ್ಯತ್ಯಾಸ 1.414 ಪಟ್ಟು. ಪೀಕ್ ಅಂಕಿಯನ್ನು ಆರ್‌ಎಂಎಸ್ ಎಂದು ತುಂಬಿದರೆ ಕಾಯಿಲ್‌ನ ಬಿಸಿ ದುಪ್ಪಟ್ಟಾಗುತ್ತದೆ, ಏಕೆಂದರೆ ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಮೂರನೆಯದು ಓಮ್ ಮತ್ತು ಇಂಡಕ್ಟೆನ್ಸ್: ಎರಡು ಫೇಸ್ ನಡುವಿನದೋ, ಒಂದೇ ಫೇಸಿನದೋ? ಸ್ಟಾರ್ ಕಟ್ಟಿದ (ಮೂರೂ ಫೇಸ್‌ಗಳ ಒಂದೊಂದು ತುದಿ ಒಂದೇ ಕಡೆ ಸೇರಿರುವ) ಕಾಯಿಲ್‌ನಲ್ಲಿ ಮೊದಲನೆಯದು ಎರಡನೆಯದರ ದುಪ್ಪಟ್ಟು.

ಸ್ಕೇಲಿನ ವೇಗವನ್ನೂ ಲೆಕ್ಕ ಹಾಕಿ. 0.1 ಮೈಕ್ರಾನ್ ಸ್ಕೇಲ್, ಸೆಕೆಂಡಿಗೆ 2 ಮೀಟರ್ ವೇಗ ಎಂದರೆ ಸೆಕೆಂಡಿಗೆ 2 ಕೋಟಿ ಎಣಿಕೆ. ಎಣಿಕೆ ಒಯ್ಯುವ ಎ, ಬಿ ಎಂಬ ಎರಡು ಡಿಜಿಟಲ್ ಸಿಗ್ನಲ್ ತಂತಿಗಳಲ್ಲಿ, ಒಂದು ಸುತ್ತಿಗೆ 4 ಎಣಿಕೆಯಂತೆ, ತಲಾ 5 ಮೆಗಾಹರ್ಟ್ಸ್. ಡ್ರೈವ್‌ಗೆ ಅಷ್ಟು ವೇಗವಾಗಿ ಎಣಿಸಲು ಬರದಿದ್ದರೆ ನಿಧಾನ ಓಡಿಸಿದಾಗ ಎಲ್ಲ ಸರಿ, ವೇಗ ಹೆಚ್ಚಿಸಿದಾಗ ಸ್ಥಾನ ತಪ್ಪುತ್ತದೆ.

## ಮೊದಲ ಚಲನೆ

ಮೋಟರ್ ಶಕ್ತಿ ಇನ್ನೂ ಕೊಡದೆ, ಕಂಟ್ರೋಲ್ ಸಪ್ಲೈ ಮಾತ್ರ ಹಾಕಿ. ಕ್ಯಾರೇಜ್ ಪಕ್ಕ ಸ್ಟೀಲ್ ಸ್ಕೇಲ್ ಇಟ್ಟು ಕೈಯಿಂದ ಸರಿಯಾಗಿ 100 ಮಿ.ಮೀ. ಸರಿಸಿ. ಪರದೆಯಲ್ಲೂ 100 ಬರಬೇಕು, ಪ್ಲಸ್ ಎಂದುಕೊಂಡ ದಿಕ್ಕಿನಲ್ಲಿ ಅಂಕಿ ಏರಬೇಕು. 50 ಬಂದರೆ, 400 ಬಂದರೆ, ಇಳಿದರೆ ಮುಂದೆ ಹೋಗಬೇಡಿ. ಹಾಲ್ ಸೆನ್ಸರ್ ಇದ್ದರೆ ಒಂದು ಆವರ್ತ ಸರಿಸುವಷ್ಟರಲ್ಲಿ ಅದರ ಮೂರು ತಂತಿಗಳು ಆರು ಬೇರೆ ಬೇರೆ ಸ್ಥಿತಿ ತೋರಿಸಬೇಕು. ಮೂರೂ ಸೊನ್ನೆ ಅಥವಾ ಮೂರೂ ಒಂದು ಎಂದು ಬಂದರೆ ಸೆನ್ಸರ್ ಇಲ್ಲವೇ ತಂತಿ ಕೆಟ್ಟಿದೆ. ಇಷ್ಟಾದರೆ ಕಣ್ಣಿನ ಪರೀಕ್ಷೆ ಮುಗಿಯಿತು.

ಕ್ಯಾರೇಜನ್ನು ಹಳಿಯ ನಡುವಿಗೆ ತನ್ನಿ. ಕರೆಂಟ್ ಮಿತಿಯನ್ನು ನಿರಂತರ ಕರೆಂಟಿನ 10ರಿಂದ 20 ಶೇಕಡಕ್ಕೆ ಇಳಿಸಿ. ಫಾಲೋಯಿಂಗ್ ಎರರ್, ಅಂದರೆ ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ನಡುವಿನ ಅಂತರ, 1-2 ಮಿ.ಮೀ. ಮೀರಿದರೆ ಡ್ರೈವ್ ಟ್ರಿಪ್ ಆಗುವಂತೆ, ಅಂದರೆ ತಾನೇ ನಿಂತುಬಿಡುವಂತೆ, ಇಡಿ. ಒಬ್ಬರ ಕೈ ಎಮರ್ಜೆನ್ಸಿ ಬಟನ್ ಮೇಲಿರಲಿ. ಈಗ ಫೇಸ್ ಫೈಂಡಿಂಗ್ ನಡೆಸಿ. ಒಂದೇ ಜಾಗದಲ್ಲಿ ಅಲ್ಲ, ನಾಲ್ಕೈದು ಕಡೆ ನಡೆಸಿ ಸಿಕ್ಕ ಕೋನ ಹೋಲಿಸಿ. ಕೆಲವೇ ಡಿಗ್ರಿ ಆಚೀಚೆ ಇದ್ದರೆ ಸರಿ. 20-30 ಡಿಗ್ರಿ ಅಲೆದಾಡಿದರೆ ಎಲ್ಲೋ ಘರ್ಷಣೆ ಹೆಚ್ಚಿದೆ, ಇಲ್ಲವೇ ಪರೀಕ್ಷೆಗೆ ಬಿಟ್ಟ ಕರೆಂಟ್ ಸಾಲುತ್ತಿಲ್ಲ.

ಮೋಟರ್ ಒಂದು ದಿಕ್ಕು, ಸ್ಕೇಲ್ ಇನ್ನೊಂದು ದಿಕ್ಕು ಎಣಿಸುತ್ತಿದ್ದರೆ ಚಾಲೂ ಮಾಡಿದ ಕೂಡಲೇ ಕ್ಯಾರೇಜ್ ಬಾಣದಂತೆ ತುದಿಗೆ ಓಡುತ್ತದೆ. ತಪ್ಪನ್ನು ತಿದ್ದಲು ಹೋಗಿ ತಪ್ಪನ್ನೇ ದೊಡ್ಡದು ಮಾಡುವ ಸ್ಥಿತಿ ಅದು. ಕರೆಂಟ್ ಮಿತಿ, ಬಫರ್, ಬಟನ್ ಮೇಲಿನ ಕೈ, ಮೂರೂ ಇರುವುದು ಈ ಒಂದು ಗಳಿಗೆಗಾಗಿ. ಹಾಗಾದರೆ ಸ್ಕೇಲ್ ದಿಕ್ಕನ್ನು ಡ್ರೈವ್‌ನಲ್ಲಿ ಬದಲಿಸಿ ಅಥವಾ ಎರಡು ಫೇಸ್ ತಂತಿ ಅದಲುಬದಲು ಮಾಡಿ. ಎರಡರಲ್ಲಿ ಒಂದನ್ನು ಮಾತ್ರ. ಎರಡನ್ನೂ ಮಾಡಿದರೆ ಮತ್ತೆ ಇದ್ದಲ್ಲಿಗೇ ಬರುತ್ತೀರಿ. ಬದಲಿಸಿದ ಮೇಲೆ ಫೇಸ್ ಫೈಂಡಿಂಗ್ ಹೊಸದಾಗಿ ಮಾಡಲೇಬೇಕು.

ಟ್ಯೂನಿಂಗ್ ಒಳಗಿನಿಂದ ಹೊರಗೆ: ಕರೆಂಟ್, ವೇಗ, ಸ್ಥಾನ. ಕರೆಂಟಿನ ಹಂತವನ್ನು ಇಂದಿನ ಡ್ರೈವ್‌ಗಳು ತಾವೇ ಹೊಂದಿಸಿಕೊಳ್ಳುತ್ತವೆ. ವೇಗದ ಗೇನ್, ಅಂದರೆ ತಪ್ಪನ್ನು ಎಷ್ಟು ಜೋರಾಗಿ ತಿದ್ದಬೇಕು ಎಂಬ ಅಂಕಿಯನ್ನು, ಮೆಲ್ಲಗೆ ಏರಿಸುತ್ತಾ ಹೋಗಿ, ಗುಂಯ್ ಎಂದು ಸದ್ದು ಶುರುವಾದಲ್ಲಿಂದ ಸುಮಾರು ಅರ್ಧಕ್ಕೆ ಇಳಿಸಿ. ಆಮೇಲೆ ಸ್ಥಾನದ ಗೇನ್. ಒಂದೇ ಸ್ವರದಲ್ಲಿ ಹಾಡುವ ಸದ್ದು ಹೋಗದಿದ್ದರೆ ಆ ಆವರ್ತನಕ್ಕೆ, ಅದೊಂದನ್ನೇ ತಡೆಯುವ ನಾಚ್ ಫಿಲ್ಟರ್ ಹಾಕುವ ಮೊದಲು ಬೋಲ್ಟ್‌ಗಳನ್ನು ಬಿಗಿ ಮಾಡಿ ನೋಡಿ. ರೀಡ್ ಹೆಡ್ ಹಿಡಿದಿರುವ ಬ್ರ್ಯಾಕೆಟ್ ತೆಳುವಾಗಿದ್ದರೆ ಕ್ಯಾರೇಜ್ ಅಲ್ಲ, ಕಣ್ಣೇ ನಡುಗುತ್ತಿರುತ್ತದೆ.

## ಕೈಕೊಟ್ಟಾಗ

ಎನ್‌ಕೋಡರ್ ದೋಷ ಎಂದು ಟ್ರಿಪ್ ಆದರೆ ಮೊದಲ ಪ್ರಶ್ನೆ: ಪ್ರತಿ ಸಲವೂ ಒಂದೇ ಜಾಗದಲ್ಲೋ? ಹೌದಾದರೆ ಕಾರಣ ಎರಡರಲ್ಲಿ ಒಂದು. ಸ್ಕೇಲ್ ಮೇಲೆ ಅಲ್ಲಿ ಕೊಳೆ ಅಥವಾ ಗೀರು ಇದೆ, ಇಲ್ಲವೇ ಆ ಜಾಗಕ್ಕೆ ಬಂದಾಗ ಕೇಬಲ್‌ಗಳನ್ನು ಹೊತ್ತು ಸಾಗುವ ಡ್ರ್ಯಾಗ್ ಚೈನ್ ಒಳಗೆ ಕೇಬಲ್ ಬಾಗುವ ಕಡೆ ಒಳತಂತಿ ಬಿರುಕು ಬಿಟ್ಟಿದೆ. ಬೇರ್ಪಡಿಸುವುದು ಸುಲಭ. ಮೋಟರ್ ಶಕ್ತಿ ತೆಗೆದು, ಸಿಗ್ನಲ್ ನೋಡುತ್ತಾ ಕೈಯಿಂದ ಅತಿ ನಿಧಾನ ಸರಿಸಿ. ಅದೇ ಮಿ.ಮೀ.ನಲ್ಲಿ ಸಿಗ್ನಲ್ ಕುಸಿದರೆ ಈಗ ಕ್ಯಾರೇಜನ್ನು ಅಲ್ಲೇ ಬಿಟ್ಟು ಡ್ರ್ಯಾಗ್ ಚೈನ್ ಮಾತ್ರ ಅಲ್ಲಾಡಿಸಿ. ಸಿಗ್ನಲ್ ಹೋಗಿ ಬಂದು ಮಾಡಿದರೆ ಕೇಬಲ್, ಕದಲದಿದ್ದರೆ ಸ್ಕೇಲ್.

ಸಿಗ್ನಲ್ ನೋಡುವುದು ಹೇಗೆ? ಬಹಳಷ್ಟು ರೀಡ್ ಹೆಡ್‌ಗಳಲ್ಲಿ ಪುಟ್ಟ ದೀಪವಿರುತ್ತದೆ: ಹಸಿರು ಒಳ್ಳೆಯದು, ಕೆಂಪು ಕೆಟ್ಟದ್ದು. ಸೈನ್-ಕೊಸೈನ್ ಬಗೆಯ ಹೆಡ್‌ನ ಎರಡು ಸಿಗ್ನಲ್‌ಗಳನ್ನು ಆಸಿಲೋಸ್ಕೋಪಿನಲ್ಲಿ ಅಡ್ಡ ಮತ್ತು ಉದ್ದಕ್ಕೆ ಜೋಡಿಸಿದರೆ ಪರದೆಯ ಮೇಲೆ ಒಂದು ದುಂಡು ಬಳೆ ಮೂಡುತ್ತದೆ. ಆರೋಗ್ಯವಾಗಿದ್ದರೆ ಸುಮಾರು 1 ವೋಲ್ಟ್ ಅಗಲದ ಬಳೆ. ಎಣ್ಣೆ, ದೂಳು ಕೂತ ಕಡೆ ಅದು ಕುಗ್ಗುತ್ತದೆ. ಹೆಡ್ ವಾರೆಯಾಗಿದ್ದರೆ ಮೊಟ್ಟೆಯಾಕಾರ ತಾಳುತ್ತದೆ. ಸ್ಕೇಲನ್ನು ಒರೆಸುವಾಗ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉದ್ದಕ್ಕೆ, ಒಂದೇ ದಿಕ್ಕಿಗೆ, ಒತ್ತದೆ ಎಳೆಯಿರಿ. ಒಣ ಬನಿಯನ್ ಚಿಂದಿಯಿಂದ ತಿಕ್ಕಿದರೆ ದೂಳಿನ ಹರಳೇ ಗೀರು ಹಾಕುತ್ತದೆ. ಥಿನ್ನರ್ ಬೇಡ. ಹೆಡ್ ಎತ್ತರ ಹೊಂದಿಸಲು ಅದರ ಜೊತೆ ಬರುವ ಪ್ಲಾಸ್ಟಿಕ್ ತುಣುಕನ್ನೇ ಬಳಸಿ.

ಟ್ರಿಪ್ ಆಗುತ್ತಿಲ್ಲ, ಆದರೆ ಸಂಜೆಯ ಹೊತ್ತಿಗೆ ಮಾಲು ಅರ್ಧ ಮಿ.ಮೀ. ಸರಿದಿದೆ ಎಂದರೆ ಎಣಿಕೆ ಕಳೆದುಹೋಗುತ್ತಿದೆ. ಹೋಮ್ ಮಾಡಿ, ಅಂದರೆ ಕ್ಯಾರೇಜನ್ನು ಅದರ ಸೊನ್ನೆ ಜಾಗಕ್ಕೆ ತಂದು, ಸ್ಕೇಲಿನ ಗುರುತುಗೆರೆಯ ಅಂಕಿ ಬರೆದಿಡಿ. 500 ಸಲ ಹೋಗಿ ಬಂದು ಮಾಡಿಸಿ ಅದೇ ಗೆರೆಯನ್ನು ಮತ್ತೆ ಓದಿಸಿ. ಅಂಕಿ ಬದಲಾಗಿದ್ದರೆ ಸಿಗ್ನಲ್ ದಾರಿಯಲ್ಲಿ ಸೋರಿಕೆ ಇದೆ. ಮೋಟರ್ ಕೇಬಲ್ ಪಕ್ಕದಲ್ಲೇ ಎನ್‌ಕೋಡರ್ ಕೇಬಲ್ ಕಟ್ಟಿರುವುದು, ಶೀಲ್ಡ್ ಜಾಲರಿಯನ್ನು ಸುತ್ತಲೂ ಕ್ಲಾಂಪ್ ಮಾಡದೆ ಬಾಲದಂತೆ ತಿರುಚಿ ಅರ್ತ್ ಮಾಡಿರುವುದು, ಇವೆರಡೇ ಬಹುಪಾಲು ಕಾರಣ. ಅಂಕಿ ಬದಲಾಗದೆ ಮಾಲು ಮಾತ್ರ ಸರಿದಿದ್ದರೆ ಅದು ಬಿಸಿಲಿನ ಆಟ, ಮುಂದೆ ಹೇಳುತ್ತೇವೆ.

ಫಾಲೋಯಿಂಗ್ ಎರರ್ ಬಂದರೆ ಕರೆಂಟಿನ ಗ್ರಾಫ್ ತೆಗೆಯಿರಿ. ಕರೆಂಟ್ ಮಿತಿ ಮುಟ್ಟಿದ್ದರೂ ಕ್ಯಾರೇಜ್ ಹಿಂದೆ ಬಿದ್ದಿದ್ದರೆ ಘರ್ಷಣೆ ಹೆಚ್ಚಿದೆ ಅಥವಾ ಕೋನ ತಪ್ಪಿದೆ. ಕೈಯಿಂದ ತಳ್ಳಿದಾಗ ಸಲೀಸಾಗಿದ್ದರೆ ಅನುಮಾನ ಕೋನದ ಮೇಲೆ. ಕರೆಂಟ್ ಮಿತಿ ಮುಟ್ಟದೆ ಹಿಂದೆ ಬಿದ್ದಿದ್ದರೆ ಗೇನ್ ಸಾಲದು.

ಚಾಲೂ ಮಾಡಿದ ಕೂಡಲೇ ಓವರ್ ಕರೆಂಟ್ ಬಂದರೆ ಮೋಟರ್ ತಂತಿ ಬಿಚ್ಚಿ ಮತ್ತೆ ಪ್ರಯತ್ನಿಸಿ. ಆಗಲೂ ಅದೇ ಬಂದರೆ ಡ್ರೈವ್ ಕೆಟ್ಟಿದೆ, ಬರದಿದ್ದರೆ ಕೇಬಲ್ ಅಥವಾ ಕಾಯಿಲ್. ಬ್ರೇಕ್ ಹಾಕುವಾಗ ಮಾತ್ರ ಓವರ್ ವೋಲ್ಟೇಜ್ ಬಂದರೆ, ನಿಲ್ಲುವ ಕ್ಯಾರೇಜಿನ ಶಕ್ತಿ ಡ್ರೈವ್‌ಗೆ ವಾಪಸ್ ಬಂದು ಸುಡಲು ಜಾಗ ಸಿಗುತ್ತಿಲ್ಲ. ಬ್ರೇಕಿಂಗ್ ರೆಸಿಸ್ಟರ್‌ನ ಓಮ್ ಅಳೆಯಿರಿ, ತುಂಡಾಗಿರುವ ಸಾಧ್ಯತೆ ಹೆಚ್ಚು.

## ನಮ್ಮ ಬಿಸಿಲು, ನಮ್ಮ ದೂಳು, ನಮ್ಮ ಕರೆಂಟು

ಬಹಳಷ್ಟು ಡ್ರೈವ್‌ಗಳಿಗೆ ಪೂರ್ಣ ಶಕ್ತಿ ಕೊಡಲು ನಿಗದಿಯಾದ ಸುತ್ತಲಿನ ಉಷ್ಣತೆ 40 ಡಿಗ್ರಿ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್-ಮೇ ಬಿಸಿಲು ಅದನ್ನು ಹೊರಗೇ ದಾಟುತ್ತದೆ, ತಗಡಿನ ಶೆಡ್ಡಿನೊಳಗಿನ ಪ್ಯಾನೆಲ್ ಇನ್ನೂ ಕಾದಿರುತ್ತದೆ. ಪ್ಯಾನೆಲ್‌ಗೆ ಎಸಿ ಕೂಡಿಸಿ, ಇಲ್ಲವೇ ಮಧ್ಯಾಹ್ನದ ಹೊತ್ತು ವೇಗೋತ್ಕರ್ಷ ಇಳಿಸಿ. ಕಾಯಿಲ್‌ನ ತಾಮ್ರದ ಓಮ್ ಪ್ರತಿ ಡಿಗ್ರಿಗೆ 0.39 ಶೇಕಡ ಏರುತ್ತದೆ. ಕಾಯಿಲ್‌ನ ಉಷ್ಣತೆ ಇದ್ದದ್ದಕ್ಕಿಂತ 80 ಡಿಗ್ರಿ ಏರಿದರೆ ಅದೇ ಕರೆಂಟಿಗೆ 31 ಶೇಕಡ ಹೆಚ್ಚು ಶಾಖ. ನಿಯೋಡಿಮಿಯಂ ಆಯಸ್ಕಾಂತಗಳ ಸಾಮಾನ್ಯ ದರ್ಜೆಗೆ 80 ಡಿಗ್ರಿಯೇ ಮಿತಿ, ಅದನ್ನು ಮೀರಿದರೆ ಕಾಂತಶಕ್ತಿಯ ಒಂದು ಭಾಗ ಮರಳಿ ಬರುವುದಿಲ್ಲ.

ಅಳತೆಯ ಮೇಲೂ ಬಿಸಿಲು ಕೈಯಾಡಿಸುತ್ತದೆ. ಮುಂಜಾನೆ 25 ಡಿಗ್ರಿ ಇದ್ದ ಶೆಡ್ ಮಧ್ಯಾಹ್ನ 40 ಆದರೆ 1 ಮೀಟರ್ ಉಕ್ಕು ಸುಮಾರು 0.17 ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು 0.35 ಮಿ.ಮೀ. ಸ್ಕೇಲೂ ಉಕ್ಕಿನದು, ಮಾಲೂ ಉಕ್ಕಿನದು ಆಗಿದ್ದರೆ ಎರಡೂ ಒಟ್ಟಿಗೆ ಹಿಗ್ಗಿ ತಪ್ಪು ಬಹುಮಟ್ಟಿಗೆ ಮರೆಯಾಗುತ್ತದೆ. ಕತ್ತರಿಸುತ್ತಿರುವುದು ಅಲ್ಯೂಮಿನಿಯಂ ಆದರೆ ಮರೆಯಾಗುವುದಿಲ್ಲ. ಅಳತೆ ಯಂತ್ರಗಳ ಬೆಡ್‌ಗೆ ಗ್ರಾನೈಟ್ ಬಳಸುವುದು ಇದೇ ಕಾರಣಕ್ಕೆ: ಕಲ್ಲು ಉಕ್ಕಿಗಿಂತ ಕಡಿಮೆ ಹಿಗ್ಗುತ್ತದೆ, ಬಿಸಿಯಾಗಲು ಹೊತ್ತೂ ಹೆಚ್ಚು ಬೇಕು.

ದೂಳಿನ ವಿಷಯದಲ್ಲಿ ಎಲ್ಲ ದೂಳೂ ಒಂದೇ ಅಲ್ಲ. ಸಂಡೂರು ಕಡೆಯ ಕೆಂಪು ಅದಿರು ಹೆಮಟೈಟ್. ಅದು ಆಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ, ಆದರೆ ಸ್ಕೇಲನ್ನು ಮುಸುಕುತ್ತದೆ, ಎಲ್‌ಎಂ ರೈಲಿನ ಗ್ರೀಸ್ ಸೇರಿ ಅರೆಯುವ ಕಲ್ಲಾಗುತ್ತದೆ. ಸ್ಪಾಂಜ್ ಐರನ್ ದೂಳು, ಗ್ರೈಂಡಿಂಗ್ ಪುಡಿ ಹಾಗಲ್ಲ: ಅದು ಲೋಹದ ಕಬ್ಬಿಣ. ಗಾಳಿಯಲ್ಲಿ ತೇಲಿಬಂದದ್ದು ಹಳಿಗೆ ಅಂಟಿ, ಮುಳ್ಳಿನಂತೆ ಎದ್ದು ನಿಂತು, 1 ಮಿ.ಮೀ. ಅಂತರವನ್ನು ತುಂಬಿ ಕಾಯಿಲ್‌ನ ಹೊದಿಕೆ ಕೆರೆಯುತ್ತದೆ. ಏರ್ ಗನ್ನಿನಿಂದ ಊದಿದರೆ ಇಲ್ಲಿಂದೆದ್ದು ಅಲ್ಲಿ ಕೂರುತ್ತದೆ. ಗಟ್ಟಿ ಅಂಟಿನ ಟೇಪ್ ಒತ್ತಿ ಕಿತ್ತರೆ ಮಾತ್ರ ಹೋಗುತ್ತದೆ. ಹಳಿಯ ಮೇಲೆ ಮಡಿಕೆಯ ಬೆಲೋಸ್ ಹೊದಿಕೆ ಇಲ್ಲದ ಯಂತ್ರವನ್ನು ಗ್ರೈಂಡರ್ ಇರುವ ಶೆಡ್ಡಿನಲ್ಲಿ ಇಡಲೇಬಾರದು.

ಕರೆಂಟ್ ತಟಕ್ಕನೆ ಹೋದಾಗ ಓಡುತ್ತಿದ್ದ ಕ್ಯಾರೇಜ್ ಜಾರುತ್ತದೆ ಎಂದೆವಲ್ಲ, ಅದಕ್ಕೆ ಡೈನಾಮಿಕ್ ಬ್ರೇಕ್ ಎಂಬ ಏರ್ಪಾಡಿದೆ. ಮೂರು ಫೇಸ್‌ಗಳನ್ನು ತಾನಾಗಿ ಒಟ್ಟಿಗೆ ಸೇರಿಸಿ ಮೇಲೆ ಹೇಳಿದ ಕೆಸರಿನ ಬಿಗಿ ತರುವುದೇ ಅದು. ನಿಮ್ಮ ಡ್ರೈವ್‌ನಲ್ಲಿ ಇದೆಯೇ, ಆನ್ ಆಗಿದೆಯೇ ನೋಡಿ. ಅಬ್ಸೊಲ್ಯೂಟ್ ಅಲ್ಲದ ಸ್ಕೇಲ್ ಆದರೆ ಕರೆಂಟ್ ಬಂದ ಮೇಲೆ ಕೋನ, ಹೋಮ್ ಎರಡನ್ನೂ ಮತ್ತೆ ಹುಡುಕಬೇಕು. ಕ್ಯಾರೇಜ್ ಬಫರಿಗೆ ಒತ್ತಿಕೊಂಡು ನಿಂತಿದ್ದರೆ ಫೇಸ್ ಫೈಂಡಿಂಗ್ ಸೋಲುತ್ತದೆ. ಮೋಟರ್ ಶಕ್ತಿ ತೆಗೆದು, ಕೈಯಿಂದ ನಡುವಿಗೆ ಸರಿಸಿ ಮತ್ತೆ ಹಾಕಿ. ಕಂಟ್ರೋಲ್ ಸಪ್ಲೈಗೆ ಮಾತ್ರ ಒಂದು ಚಿಕ್ಕ ಯುಪಿಎಸ್ ಇದ್ದರೆ ಸ್ಕೇಲ್ ಮತ್ತು ಡ್ರೈವ್‌ನ ಲೆಕ್ಕ ಎಚ್ಚರವಿದ್ದು ಈ ತಾಪತ್ರಯ ತಪ್ಪುತ್ತದೆ.

## ಬಿಡಿಭಾಗ ಬದಲಿಸಿದ ಮೇಲೆ

ರೀಡ್ ಹೆಡ್ ಬದಲಾದರೆ, ಸ್ಕೇಲ್ ಬದಲಾದರೆ, ಕಾಯಿಲ್ ಬಿಚ್ಚಿ ಮತ್ತೆ ಕೂಡಿಸಿದರೆ, ಆಯಸ್ಕಾಂತದ ಒಂದು ತುಂಡನ್ನು ಮಾತ್ರ ತೆಗೆದು ಹಾಕಿದರೂ ಡ್ರೈವ್‌ನಲ್ಲಿ ಉಳಿಸಿಟ್ಟ ಕೋನ ಕೆಲಸಕ್ಕೆ ಬರುವುದಿಲ್ಲ. 30 ಮಿ.ಮೀ. ಆವರ್ತದಲ್ಲಿ ಹೆಡ್ 2.5 ಮಿ.ಮೀ. ಆಚೆ ಕೂತರೆ ಅದೇ 30 ಡಿಗ್ರಿ ತಪ್ಪು. ಹಳೆಯ ಬ್ಯಾಕಪ್ ಫೈಲನ್ನು ಹಾಗೇ ಹಾಕಿ ಯಂತ್ರ ಓಡುತ್ತಿದೆ ಎಂದು ಬಿಟ್ಟರೆ ಬೇಸಿಗೆಯಲ್ಲಿ ಕಾಯಿಲ್ ಓವರ್ ಹೀಟ್ ಎಂದು ನಿಲ್ಲುತ್ತದೆ, ಆಗ ಎಲ್ಲರೂ ಬೈಯುವುದು ಬಿಸಿಲನ್ನು. ಬ್ಯಾಕಪ್ ಹಾಕಿದ ಮೇಲೆ ಕರೆಂಟ್ ಮಿತಿ ಇಳಿಸಿ, 100 ಮಿ.ಮೀ. ಕೈಯಿಂದ ಸರಿಸಿ ಓದಿ, ನಾಲ್ಕೈದು ಕಡೆ ಫೇಸ್ ಫೈಂಡಿಂಗ್ ನಡೆಸಿ ಹೊಸ ಕೋನ ಉಳಿಸಿ. ಆಮೇಲೆ ನಿಧಾನ ವೇಗದಲ್ಲಿ ಎರಡೂ ದಿಕ್ಕಿಗೆ ಓಡಿಸಿ ಕರೆಂಟ್ ಬರೆದುಕೊಳ್ಳಿ. ಆ ಎರಡು ಅಂಕಿಗಳನ್ನು ದಿನಾಂಕದ ಜೊತೆ ಪ್ಯಾನೆಲ್ ಬಾಗಿಲ ಒಳಬದಿಗೆ ಅಂಟಿಸಿಡಿ. ಮುಂದಿನ ಸಲ ಟ್ರಿಪ್ ಆದಾಗ ಮೊದಲು ಹೋಲಿಸಬೇಕಾದ್ದು ಅವನ್ನೇ.